ಚೀಟಿಗಿಂತ ಮೊದಲು ಜೋಡಿ: ತಂಡ ಹಂಚುವುದು ಹೇಗೆ?

ಬಾಗಲಕೋಟೆ ನವನಗರದ ಒಂದು ಮೈದಾನ, ಏಪ್ರಿಲ್ ತಿಂಗಳ ಬೆಳಗಿನ ಏಳು ಗಂಟೆ ಎಂದುಕೊಳ್ಳಿ. ಖೊ-ಖೊ ಆಡಲು 24 ಮಕ್ಕಳು ಸೇರಿದ್ದಾರೆ. ಬಿಸಿಲು ಏರುವುದರೊಳಗೆ ಒಂದು ಪಂದ್ಯವಾದರೂ ಮುಗಿಯಬೇಕು. ಹೀಗಾಗಿ ತಲಾ 12 ಮಂದಿಯ ಎರಡು ತಂಡಗಳನ್ನು (9 ಮಂದಿ ಅಂಗಣಕ್ಕೆ, 3 ಮಂದಿ ಬದಲಿ) ಹತ್ತು ನಿಮಿಷದಲ್ಲಿ, ತಕರಾರಿಲ್ಲದೆ ಮಾಡಬೇಕು.

ಎಲ್ಲರ ಹೆಸರು ಬರೆದು ಡಬ್ಬಿಗೆ ಹಾಕಿ ಚೀಟಿ ಎತ್ತಿದರೆ ಆಯಿತಲ್ಲ ಎನ್ನಬಹುದು. ಅದರಲ್ಲಿ ಮೋಸವಿಲ್ಲ, ನಿಜ. ಆದರೆ ಮೋಸವಿಲ್ಲ ಎಂದ ಮಾತ್ರಕ್ಕೆ ತಂಡಗಳು ಸಮ ಆಗುವುದಿಲ್ಲ. 24 ಮಂದಿಯಲ್ಲಿ 8 ಮಂದಿ ಗಟ್ಟಿ ಆಟಗಾರರು ಎಂದಿಟ್ಟುಕೊಂಡು ಲೆಕ್ಕ ಹಾಕಿ. ಬರೀ ಚೀಟಿ ಎತ್ತಿದರೆ ಅವರು ಸರಿಯಾಗಿ ನಾಲ್ಕು-ನಾಲ್ಕಾಗಿ ಹಂಚಿಹೋಗುವುದು ಮೂರು ಸಲಕ್ಕೆ ಒಂದು ಸಲ ಮಾತ್ರ. ಆರು ಅಥವಾ ಅದಕ್ಕಿಂತ ಹೆಚ್ಚು ಗಟ್ಟಿಗರು ಒಂದೇ ಕಡೆ ಬೀಳುವ ಸಾಧ್ಯತೆ ಶೇ 19. ಅಂದರೆ ವಾರಕ್ಕೆ ಐದು ದಿನ ಆಡಿದರೆ ಸುಮಾರಾಗಿ ಒಂದು ದಿನ ಆಟ ಶುರುವಾಗುವ ಮೊದಲೇ ಮುಗಿದಂತೆ.

ಹಾಗಾದರೆ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದುಕೊಳ್ಳಲಿ ಎಂದರೆ ಅದರಲ್ಲಿ ಎರಡು ದೋಷಗಳಿವೆ. ಮೊದಲು ಕರೆದವನಿಗೆ ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆ ಲಾಭ: ಎಂಟು ಮಂದಿಯಲ್ಲಿ ಅವನಿಗೆ 1, 3, 5, 7ನೆಯವರು ಸಿಕ್ಕರೆ ಇನ್ನೊಬ್ಬನಿಗೆ 2, 4, 6, 8ನೆಯವರು. ಸರದಿಯನ್ನು ತಿರುಗಿಸಿ, ಒಬ್ಬನಿಗೆ 1, 4, 5, 8, ಮತ್ತೊಬ್ಬನಿಗೆ 2, 3, 6, 7 ಎಂದು ಮಾಡಿದರೆ ಎರಡೂ ಕಡೆ ಕೂಡಿಸಿದಾಗ ತಲಾ 18 ಬರುತ್ತದೆ. ಈ ದೋಷ ಬಹುಮಟ್ಟಿಗೆ ಹೋಗುತ್ತದೆ. ಎರಡನೆಯದು ಹೋಗುವುದಿಲ್ಲ. ಕೊನೆಗೆ ಉಳಿದ ಹುಡುಗ ಎಲ್ಲರೆದುರು ತಲೆ ತಗ್ಗಿಸಿ ನಿಂತಿರುತ್ತಾನೆ.

ಸರಿಯಾದ ದಾರಿ ನಮ್ಮ ಓಣಿಯ ಮಕ್ಕಳಿಗೆ ಗೊತ್ತೇ ಇದೆ. ಸರಿಸಮಾನರಾದ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ತಲಾ ಒಂದು ಹೆಸರು ಇಟ್ಟುಕೊಂಡು ಬರುತ್ತಾರೆ. ‘ಮಾವಿನಹಣ್ಣ ಬೇಕೋ, ಪೇರಲಹಣ್ಣ ಬೇಕೋ?’ ನಾಯಕ ಒಂದನ್ನು ಹೇಳುತ್ತಾನೆ; ಆ ಹೆಸರಿನವ ಅವನ ಕಡೆ, ಉಳಿದವ ಎದುರು ಕಡೆ. ಸಂಖ್ಯಾಶಾಸ್ತ್ರಜ್ಞರು ಔಷಧ ಪರೀಕ್ಷೆಗಳಲ್ಲಿ ಬಳಸುವ ಜೋಡಿ ಹಂಚಿಕೆಯೂ ಇದೇ ತತ್ವದ್ದು. ಮೊದಲು ಸಮಬಲದ ಜೋಡಿ, ಆಮೇಲೆ ಅದೃಷ್ಟ. ಇದನ್ನೇ ಸ್ವಲ್ಪ ಬಿಗಿ ಮಾಡಿಕೊಂಡರೆ ಸಾಕು.

ಮೊದಲು ದರ್ಜೆ. ಆಟ ಬಲ್ಲ ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಎಲ್ಲರಿಗೂ 1, 2, 3 ಎಂದು ಅಂಕ ಕೊಡಲಿ. ಎರಡು ಪಟ್ಟಿ ಕೂಡಿಸಿ ಗಟ್ಟಿಗರಿಂದ ಹೊಸಬರವರೆಗೆ ಸಾಲು ಮಾಡಿ. ಖೊ-ಖೊದಲ್ಲಿ ಓಟ ಒಂದನ್ನೇ ನೋಡಬೇಡಿ. ಬೆನ್ನಟ್ಟುವುದು ಬೇರೆ, ತಪ್ಪಿಸಿಕೊಳ್ಳುವುದು ಬೇರೆ. ಕಂಬದ ಹತ್ತಿರ ಚುರುಕಾಗಿ ತಿರುಗುವವನಿಗೆ ಅಂಥವನೇ ಜೋಡಿಯಾಗಲಿ. ಈ ಪಟ್ಟಿಯನ್ನು ಮಕ್ಕಳ ಮುಂದೆ ಓದಬಾರದು, ಜೋಡಿಗಳನ್ನಷ್ಟೇ ಕರೆಯಿರಿ. ಅದೂ ಗಟ್ಟಿಗರಿಂದ ಶುರು ಮಾಡದೆ, ಹಿಂದೆ ಮುಂದೆ ಮಾಡಿ.

ಜೋಡಿ ಮಾಡುವಾಗ ಒಂದು ಮಾತು ನೆನಪಿರಲಿ: ಜೋಡಿಯಾದವರು ಎಂದೂ ಒಂದೇ ತಂಡಕ್ಕೆ ಬರುವುದಿಲ್ಲ. ಅಣ್ಣ-ತಮ್ಮ ಬೇರೆ ಬೇರೆ ಆಡಬೇಕಿದ್ದು, ಬಲವೂ ಸಮವಿದ್ದರೆ ಅವರನ್ನೇ ಜೋಡಿ ಮಾಡಿ. ನಾಯಕರಿಬ್ಬರೂ ಒಂದು ಜೋಡಿಯೇ.

ಇನ್ನು ಹಂಚಿಕೆ. ಹೆಸರಿಡುವ ಪದ್ಧತಿಯಲ್ಲಿ ಕಳ್ಳಾಟಕ್ಕೆ ಜಾಗವಿದೆ. ‘ನಾನು ಯಾವಾಗಲೂ ಮಾವು’ ಎಂದು ಗೆಳೆಯನಿಗೆ ನಿನ್ನೆಯೇ ಹೇಳಿಟ್ಟಿರಬಹುದು, ಇಲ್ಲವೇ ಕೇಳುವಾಗ ಕಣ್ಣು ಮಿಟುಕಿಸಬಹುದು. ಆದ್ದರಿಂದ ಹೆಸರನ್ನು ಜೋಡಿಯವರು ಇಟ್ಟುಕೊಳ್ಳುವುದು ಬೇಡ; ಪಂಚರು ಕಿವಿಯಲ್ಲಿ ಹೇಳಲಿ. ನಾಯಕ ಬೆನ್ನು ತಿರುಗಿಸಿ ನಿಲ್ಲಲಿ, ಪ್ರಶ್ನೆಯನ್ನೂ ಪಂಚರೇ ಕೇಳಲಿ. ಒಂದು ಜೋಡಿಗೆ ಒಬ್ಬ ನಾಯಕ ಉತ್ತರಿಸಿದರೆ ಮುಂದಿನದಕ್ಕೆ ಮತ್ತೊಬ್ಬ. ಇಷ್ಟೂ ರಗಳೆ ಬೇಡವೆನಿಸಿದರೆ ಪ್ರತಿ ಜೋಡಿಗೆ ಒಂದು ರೂಪಾಯಿ ನಾಣ್ಯ ಚಿಮ್ಮಿ. 12 ಜೋಡಿಗೆ 4,096 ಬಗೆಯ ಹಂಚಿಕೆಗಳು ಸಾಧ್ಯ. ದರ್ಜೆಯ ಮೇಲಿನ 8 ಮಂದಿ ಮಾತ್ರ ಎಲ್ಲದರಲ್ಲೂ ನಾಲ್ಕು-ನಾಲ್ಕೇ.

ಮೂರು, ನಾಲ್ಕು, ಐದು ತಂಡ ಬೇಕಾದಾಗ ಚೀಟಿಯೇ ಅನುಕೂಲ. ಶ್ರಮದಾನ ಶಿಬಿರಕ್ಕೆ ಬಂದ 30 ಮಂದಿಯನ್ನು ಐದು ತಂಡ ಮಾಡಬೇಕೆನ್ನಿ. ಸಮಬಲದ ಐದೈದು ಮಂದಿಯ ಆರು ಸಾಲು ನಿಲ್ಲಿಸಿ. ಒಂದೊಂದು ಸಾಲೂ 1ರಿಂದ 5ರವರೆಗಿನ ಐದು ಚೀಟಿ ಎತ್ತಬೇಕು. ಮುಂದಿನ ಸಾಲಿಗೆ ಅವೇ ಚೀಟಿಗಳನ್ನು ಮತ್ತೆ ಮಡಚಿ, ಕಲಕಿ ಇಡಿ.

ಚೀಟಿ ಕೆಡುವುದು ಹೆಚ್ಚಾಗಿ ಕಲಕುವಲ್ಲಿ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಸೈನ್ಯಕ್ಕೆ ಯುವಕರನ್ನು ಕರೆಯಲು ಹುಟ್ಟಿದ ದಿನಾಂಕಗಳ ಲಾಟರಿ ಎತ್ತಿದರು. 366 ದಿನಾಂಕಗಳನ್ನು ತಿಂಗಳವಾರು ಹಾಕಿದ್ದರು, ಸಾಕಷ್ಟು ಕಲಕಿರಲಿಲ್ಲ. ಡಿಸೆಂಬರಿನ 31 ದಿನಗಳಲ್ಲಿ 26 ದಿನ ಹುಟ್ಟಿದವರಿಗೆ ಕರೆ ಬಂತು. ಸಮನಾಗಿ ಹಂಚಿದ್ದರೆ ಸುಮಾರು 17 ದಿನಗಳಿಗೆ ಬರಬೇಕಿತ್ತು. ನಮ್ಮ ಡಬ್ಬಿಯಲ್ಲೂ ಕೊನೆಗೆ ಹಾಕಿದ್ದು ಮೇಲೆಯೇ ಉಳಿಯುತ್ತದೆ. ಆದ್ದರಿಂದ ಚರಗಿಯಂಥ ಕಿರಿದಾದ ಬಾಯಿಯ ಪಾತ್ರೆ ಬೇಡ, ಅಗಲ ಬುಟ್ಟಿ ಇರಲಿ. ಮೂರರಲ್ಲಿ ಎರಡು ಪಾಲು ಖಾಲಿ ಇದ್ದರೆ ಕೈ ಸಲೀಸಾಗಿ ಆಡುತ್ತದೆ. ಒಂದೇ ನೋಟ್‌ಬುಕ್ಕಿನ ಹಾಳೆ, ಒಂದೇ ಅಳತೆ, ಎಲ್ಲಕ್ಕೂ ಎರಡೇ ಮಡಿಕೆ. ಬೆರಳಿಗೆ ಗೊತ್ತಾಗುವ ವಸ್ತು ಯಾವುದೂ ಬೇಡ. ಒಂದು ತಂಡಕ್ಕೆ ಜೋಳ, ಇನ್ನೊಂದಕ್ಕೆ ಗೋವಿನಜೋಳ ಎಂದು ಕಾಳು ಇಟ್ಟರೆ ಮೂರನೆಯವನೇ ತಡವಿ ತಿಳಿದುಕೊಳ್ಳುತ್ತಾನೆ. ಹುಣಸೆ ಬೀಜ ಆದೀತು, ಆದರೆ ಸುಣ್ಣದ ಗುರುತು ಬೇಡ. ಅದು ಬೆರಳಿಗೆ ತರಿ ತರಿಯಾಗಿ ಗೊತ್ತಾಗುತ್ತದೆ, ಪೆನ್ನಿನ ಗುರುತು ಗೊತ್ತಾಗುವುದಿಲ್ಲ.

ಸಾಲಿನಲ್ಲಿ ‘ಒಂದು, ಎರಡು’ ಎಣಿಸಿ ಬೇರೆ ಮಾಡುವುದಂತೂ ಬೇಡವೇ ಬೇಡ. ಗೆಳೆಯರು ಒಬ್ಬರನ್ನು ಬಿಟ್ಟು ಒಬ್ಬರಂತೆ ಮೊದಲೇ ನಿಂತಿರುತ್ತಾರೆ.

ಮೊಬೈಲಿನ ಅಥವಾ ಕಂಪ್ಯೂಟರಿನ ಎಕ್ಸೆಲ್ ಬಳಸುವವರು ಮೊದಲ ಕಾಲಮ್ಮಿನಲ್ಲಿ ಹೆಸರು, ಎರಡನೆಯದರಲ್ಲಿ ಜೋಡಿ ಸಂಖ್ಯೆ, ಮೂರನೆಯದರಲ್ಲಿ ರ‍್ಯಾಂಡ್ ಸೂತ್ರ, ಅಂದರೆ =RAND(), ಹಾಕಿ. ಆ ಸೂತ್ರ ಶೀಟು ಮುಟ್ಟಿದಾಗಲೆಲ್ಲ ಹೊಸ ಅಂಕಿ ಕೊಡುತ್ತದೆ. ಅದಕ್ಕೇ ಅಂಕಿಗಳನ್ನು ನಕಲಿಸಿ ಬರೀ ಮೌಲ್ಯಗಳಾಗಿ ಅಂಟಿಸಿಬಿಡಿ, ಆಮೇಲೆ ಜೋಡಿ ಸಂಖ್ಯೆಯಂತೆ, ಅದರೊಳಗೆ ರ‍್ಯಾಂಡ್ ಅಂಕಿಯಂತೆ ವಿಂಗಡಿಸಿ. ಪ್ರತಿ ಜೋಡಿಯಲ್ಲಿ ಮೇಲೆ ಬಂದವರು ಒಂದನೆಯ ತಂಡ.

ಒಬ್ಬ ಹೆಚ್ಚಾದರೆ? 25ನೆಯವನ ಜೋಡಿಯಾಗಿ ಒಂದು ಖಾಲಿ ಹೆಸರು ಇಟ್ಟು ನಾಣ್ಯ ಚಿಮ್ಮಿ. ಅವನು ಬಿದ್ದ ಕಡೆ ಬದಲಿ ಆಟಗಾರರು ನಾಲ್ವರು. ತಡವಾಗಿ ಬಂದವನಿಗೂ ಇದೇ ನಿಯಮ.

ಫಲಿತಾಂಶ ನೋಡಿದ ಮೇಲೆ ‘ಇದು ಸರಿ ಬರಲಿಲ್ಲ, ಇನ್ನೊಮ್ಮೆ ಎತ್ತೋಣ’ ಎನ್ನುವುದು ಚೀಟಿಯ ಹೆಸರಿನಲ್ಲಿ ಕೈಯಾರೆ ಆರಿಸಿದಂತೆಯೇ. ಮತ್ತೆ ಎತ್ತುವ ಸಂದರ್ಭ ಏನಾದರೂ ಇದ್ದರೆ, ಅದನ್ನು ಮೊದಲ ನಾಣ್ಯ ಚಿಮ್ಮುವ ಮುಂಚೆಯೇ ಎಲ್ಲರಿಗೂ ಕೇಳುವಂತೆ ಹೇಳಿಬಿಡಿ.