ಅರ್ಥ ಗೊತ್ತಿತ್ತು, ಬಳಸೋದು ಗೊತ್ತಿರಲಿಲ್ಲ

ಇಂಗ್ಲಿಷ್ ನುಡಿಗಟ್ಟುಗಳನ್ನು ನಾನು ಮೊದಲು ಕಲಿತದ್ದು ಪಟ್ಟಿ ಉರು ಹೊಡೆದು. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಅರ್ಥ. 'ಕಿಕ್ ದ ಬಕೆಟ್' ಎದುರು 'ಸಾಯುವುದು' ಅಂತ ಬರೆದುಕೊಂಡಿದ್ದೆ. ಒಂದು ದಿನ ಜೊತೆಗೆ ಕೆಲಸ ಮಾಡುವವರೊಬ್ಬರು ತಮ್ಮ ಅಜ್ಜ ಹೋಗಿಬಿಟ್ಟರು ಎಂದು ಹೇಳಿದರು. ನಾನು ಕಾಳಜಿಯಿಂದಲೇ, 'ವೆನ್ ಡಿಡ್ ಹಿ ಕಿಕ್ ದ ಬಕೆಟ್?' ಎಂದು ಕೇಳಿದೆ. ಅವರ ಮುಖ ಬಾಡಿತು. ಉತ್ತರ ಬರಲಿಲ್ಲ.

ಆಮೇಲೆ ಇನ್ನೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿ ಹೇಳಿದರು. ನಾನು ಕೇಳಿದ್ದು 'ನಿಮ್ಮಜ್ಜ ಯಾವಾಗ ಗೊಟಕ್ ಅಂದ್ರು?' ಎಂದ ಹಾಗಿತ್ತು. ಅಲ್ಲಿ 'ಪಾಸ್ಡ್ ಅವೇ' ಅನ್ನಬೇಕಿತ್ತು, ನಾವು 'ತೀರಿಕೊಂಡರು' ಅನ್ನೋ ಹಾಗೆ. ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಆದರೂ ಆ ಮುಖ ಇವತ್ತಿಗೂ ನೆನಪಿದೆ.

ಅವತ್ತೇ ಹೊಸ ನೋಟ್‌ಬುಕ್ ತೆಗೆದೆ. ಬರೀ ಅರ್ಥ ಬರೆಯೋದು ಬಿಟ್ಟೆ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಅಂತ ಬರೆಯತೊಡಗಿದೆ. ಅದೇ ಧಾಟಿಯ ಕನ್ನಡ ಮಾತು ಸಿಕ್ಕರೆ ಅದನ್ನೂ ಪಕ್ಕದಲ್ಲಿ ಬರೆದೆ. 'ಪೀಸ್ ಆಫ್ ಕೇಕ್' ಎದುರು 'ನೀರು ಕುಡಿದಷ್ಟು ಸುಲಭ'. 'ಸಿಟಿಂಗ್ ಆನ್ ದ ಫೆನ್ಸ್' ಎದುರು 'ಅಡ್ಡಗೋಡೆ ಮೇಲೆ ದೀಪ ಇಡೋದು'. ಇಂಥವು ಒಂದೇ ಸಲಕ್ಕೆ ತಲೆಗೆ ಹತ್ತುತ್ತವೆ.

ನಿಜವಾದ ಕಷ್ಟ ಮೈಯ ಭಾಗಗಳ ಹೆಸರಿರುವ ನುಡಿಗಟ್ಟುಗಳಲ್ಲಿದೆ. ಒಂದೇ ಥರ ಕಾಣುತ್ತವೆ, ಅರ್ಥ ಮಾತ್ರ ತಿರುಗಿ ನಿಲ್ಲುತ್ತದೆ. 'ಹಿ ಗೇವ್ ಮಿ ಅ ಹ್ಯಾಂಡ್' ಅಂದರೆ ಅವನು ಸಹಾಯ ಮಾಡಿದ. ನಮ್ಮಲ್ಲಿ 'ಅವನು ಕೈ ಕೊಟ್ಟ' ಅಂದರೆ? ಪೂರ್ತಿ ಉಲ್ಟಾ, ಅಲ್ವಾ? 'ಪುಲ್ಲಿಂಗ್ ಯುವರ್ ಲೆಗ್' ಅಂದರೆ ಸುಮ್ನೆ ತಮಾಷೆಗೆ ಹೇಳಿ ನಂಬಿಸೋದು. ನಾವು 'ಕಾಲೆಳೀತಾರೆ' ಎಂದಾಗ ತಮಾಷೆಯೂ ಇರಬಹುದು, ಮೇಲೆ ಬರುವವನನ್ನು ಕೆಳಗೆ ಬೀಳಿಸುವ ಹೊಟ್ಟೆಕಿಚ್ಚೂ ಇರಬಹುದು. ಇಂಗ್ಲಿಷಿನಲ್ಲಿ ಆ ಎರಡನೆಯ ಅರ್ಥ ಇಲ್ಲ. 'ತಲೆ ತಿನ್ನಬೇಡ' ಅನ್ನೋದನ್ನು 'ಡೋಂಟ್ ಈಟ್ ಮೈ ಹೆಡ್' ಮಾಡಿದರೆ ಭಾರತದ ಹೊರಗಿನವರು ಕಣ್ ಕಣ್ ಬಿಡುತ್ತಾರೆ. ಅವರಲ್ಲಿ 'ಬೈಟ್ ಮೈ ಹೆಡ್ ಆಫ್' ಇದೆ, ಆದರೆ ಅದು ಸಣ್ಣ ಮಾತಿಗೂ ಹರಿಹಾಯುವುದಕ್ಕೆ. ಕಣ್ಣಿನದಂತೂ ಇನ್ನೂ ಸೂಕ್ಷ್ಮ. 'ಕೀಪ್ ಅನ್ ಐ ಆನ್ ದಟ್ ಬ್ಯಾಗ್' ಅಂದರೆ ಆ ಬ್ಯಾಗ್ ನೋಡಿಕೊಳ್ಳಿ ಅಂತ. 'ಐ ಹ್ಯಾವ್ ಮೈ ಐ ಆನ್ ದಟ್ ಬ್ಯಾಗ್' ಅಂದರೆ ನನ್ನ ಕಣ್ಣು ಅದರ ಮೇಲಿದೆ, ನನಗೆ ಅದು ಬೇಕು ಅಂತ. ನೋಟ್‌ಬುಕ್‌ನಲ್ಲಿ ಇವಕ್ಕೇ ನಾಲ್ಕು ಪುಟ ಹೋಗಿದೆ. ಕನ್ನಡದವರು ಮೊದಲು ಕಲಿಯಬೇಕಾದ್ದು ಇವನ್ನೇ ಅಂತ ನನಗನಿಸುತ್ತದೆ.

ಇನ್ನೊಂದು ಪೆಟ್ಟು ತಿಂದದ್ದು 'ಟೇಬಲ್' ಪದದಿಂದ. ಒಂದು ಮೀಟಿಂಗ್‌ಗೆ ಮುಂಚೆ ಅಮೆರಿಕದ ಸಹೋದ್ಯೋಗಿಯೊಬ್ಬರು 'ಲೆಟ್ಸ್ ಟೇಬಲ್ ದಿಸ್' ಎಂದರು. ಚರ್ಚೆಗೆ ತರೋಣ ಅಂತ ನಾನು ರಾತ್ರಿ ಕೂತು ವರದಿ ಸಿದ್ಧ ಮಾಡಿದೆ. ಅವರು ಹೇಳಿದ್ದು ಸದ್ಯಕ್ಕೆ ಪಕ್ಕಕ್ಕಿಡೋಣ ಅಂತ! ಬ್ರಿಟಿಷರಲ್ಲಿ ಈ ಮಾತಿಗೆ ಚರ್ಚೆಗೆ ಇಡುವುದು ಎಂಬ ಅರ್ಥ, ಅಮೆರಿಕದವರಲ್ಲಿ ಮುಂದೂಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಪದಕ್ಕೆ ಎರಡೂ ದೇಶದ ಅಧಿಕಾರಿಗಳು ಬಹಳ ಹೊತ್ತು ಜಗಳವಾಡಿದ್ದನ್ನು ಚರ್ಚಿಲ್ ಬರೆದಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ. ಈಗ ಯಾರಾದರೂ ಹೀಗೆ ಹೇಳಿದರೆ 'ಈಗಲೇನಾ, ಆಮೇಲಾ?' ಎಂದು ಕೇಳಿಬಿಡುತ್ತೇನೆ.

ಪದಗಳನ್ನು ಅಲುಗಾಡಿಸಿ ನೋಡೋದೂ ನನಗೆ ಅಭ್ಯಾಸವಾಗಿದೆ. 'ಸ್ಪಿಲ್ ದ ಬೀನ್ಸ್', ಅಂದರೆ ಗುಟ್ಟು ರಟ್ಟು ಮಾಡೋದು. 'ದ ಬೀನ್ಸ್ ವರ್ ಸ್ಪಿಲ್ಡ್' ಅಂದರೂ ಅರ್ಥ ಉಳಿಯುತ್ತದೆ. ಆದರೆ 'ದ ಬಕೆಟ್ ವಾಸ್ ಕಿಕ್ಡ್' ಅಂದರೆ ಸಾವು ಹೋಗಿ ಬರೀ ಬಕೆಟ್ ಉಳಿಯುತ್ತದೆ.

ಹುಟ್ಟಿನ ಕಥೆ ಗೊತ್ತಿದ್ದರೆ ಕೆಲವು ಮರೆಯುವುದೇ ಇಲ್ಲ. 'ರೇನ್ ಚೆಕ್' ಬಂದದ್ದು ಅಮೆರಿಕದ ಬೇಸ್‌ಬಾಲ್‌ನಿಂದ. ಮಳೆ ಬಂದು ಆಟ ನಿಂತರೆ ಇನ್ನೊಂದು ಆಟಕ್ಕೆ ಬರಲು ಕೊಡುತ್ತಿದ್ದ ಚೀಟಿ ಅದು. ಯಾರಾದರೂ ಕರೆದಾಗ 'ಐ ವಿಲ್ ಟೇಕ್ ಅ ರೇನ್ ಚೆಕ್' ಅಂದರೆ ಈಗ ಆಗಲ್ಲ, ಇನ್ನೊಮ್ಮೆ ಖಂಡಿತ ಬರ್ತೀನಿ ಅಂತ. ಬೇಡ ಅನ್ನುವುದಕ್ಕಿಂತ ಎಷ್ಟು ಮೆತ್ತಗಿದೆ! ಆದರೆ ಎಲ್ಲ ಕಥೆಗಳನ್ನೂ ನಂಬಬಾರದು. ಹುಲ್ಲಿನ ಮಾಡಿನಿಂದ ಬೆಕ್ಕು ನಾಯಿ ಜಾರಿ ಬೀಳುತ್ತಿದ್ದವು, ಅದಕ್ಕೇ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಬಂತು ಅನ್ನೋದು ಕಟ್ಟುಕಥೆ. ಇಂಗ್ಲಿಷ್ ಮನೆಮಾತಿನವರ ಬಾಯಲ್ಲಿ ನಾನು ಆ ನುಡಿಗಟ್ಟನ್ನು ಕೇಳಿದ್ದೂ ಕಡಿಮೆ. ಜೋರು ಮಳೆಗೆ ಅವರು ಜಾಸ್ತಿ ಹೇಳೋದು 'ಇಟ್ಸ್ ಪೋರಿಂಗ್'.

ಹೊಸ ನುಡಿಗಟ್ಟನ್ನು ಮೂರು ಬೇರೆ ಬೇರೆ ಜನರ ಬಾಯಲ್ಲಿ ಕೇಳುವ ತನಕ ನಾನು ಆಡುವುದಿಲ್ಲ. ಪ್ರತಿ ಸಲ ಕೇಳಿದಾಗ ನೋಟ್‌ಬುಕ್‌ನಲ್ಲಿ ಒಂದು ಗೀಟು ಹಾಕುತ್ತೇನೆ. ಸದ್ಯ 'ಬೈಟ್ ದ ಬುಲೆಟ್' ಎದುರು 'ಹಲ್ಲು ಕಚ್ಚಿ ಮಾಡಿ ಮುಗಿಸೋದು' ಅಂತ ಇದೆ. ಅದರ ಪಕ್ಕ ಎರಡು ಗೀಟು.