ಲಿಂಕ್‌ಗಿಂತ ಮೊದಲು ಕಂಪನಿ ಹೆಸರು

ನಾನು ಬ್ಯಾಕಪ್ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದರಲ್ಲಿ ಸಪೋರ್ಟ್ ಕೆಲಸ ಮಾಡುತ್ತೇನೆ. ಒಮ್ಮೆ ಯಾರೋ ಆನ್‌ಲೈನ್‌ನಲ್ಲಿ ಕೇಳಿದ್ದರು: "ಡೇಟಾಬೇಸ್ ದೊಡ್ಡದು, ರಾತ್ರಿ ಶುರುವಾದ ಬ್ಯಾಕಪ್ ಬೆಳಗಾದರೂ ಮುಗಿಯಲ್ಲ. ಏನು ಮಾಡಲಿ?" ನಮ್ಮ ಟೂಲ್‌ನ ಲಿಂಕ್ ಹಾಕಿ, "ಇದು ಚೆನ್ನಾಗಿದೆ, ನೋಡಿ" ಎಂದೆ. ಸುಳ್ಳೇನೂ ಹೇಳಿರಲಿಲ್ಲ. ಅರ್ಧ ಗಂಟೆಯಲ್ಲೇ ಕೆಳಗೆ ಒಂದು ಸಾಲು ಬಂತು: "ನೀವು ಅಲ್ಲೇ ಕೆಲಸ ಮಾಡೋದು ಅಲ್ವಾ?" ಸಂಜೆಯೊಳಗೆ ನನ್ನ ಉತ್ತರ ಅಳಿಸಿಹೋಗಿತ್ತು.

ಈಗ ನನ್ನ ಮೊದಲ ಸಾಲು ಹೀಗಿರುತ್ತದೆ: "ನಾನು ಈ ಟೂಲ್ ಮಾಡುವ ಕಂಪನಿಯ ಉದ್ಯೋಗಿ." ಲಿಂಕ್ ಆಮೇಲೆ. "ನಮ್ಮ ಟೀಮ್" ಅಂತ ಸುಮ್ನೆ ತೇಲಿಸಿ ಬರೆದರೆ ಓದುವವರಿಗೆ ಯಾವ ಟೀಮ್ ಅಂತ ಗೊತ್ತಾಗುವುದಿಲ್ಲ.

ಪ್ರೊಫೈಲ್‌ನಲ್ಲಿ ಕಂಪನಿ ಹೆಸರು ಇದೆಯಲ್ಲ ಅನ್ನಬಹುದು. ಸಾಲದು. ಗೂಗಲ್‌ನಿಂದ ನೇರ ಉತ್ತರಕ್ಕೆ ಬಂದವರು ಪ್ರೊಫೈಲ್ ಯಾಕೆ ತೆರೆಯುತ್ತಾರೆ? ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ ನಿಯಮವೂ ಇದನ್ನು ಉತ್ತರದಲ್ಲೇ ಹೇಳಬೇಕು ಅನ್ನುತ್ತದೆ. ಉದ್ಯೋಗಿ ತನ್ನ ಕಂಪನಿಯ ಸರಕನ್ನು ಹೊಗಳುವಾಗ ಸಂಬಂಧ ತಿಳಿಸಬೇಕು ಎಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಕೂಡ ಹೇಳುತ್ತದೆ.

ಜಾಸ್ತಿ ಜನ ಮರೆಯುವುದು ಇನ್ನೊಂದನ್ನು. ಪ್ರತಿಸ್ಪರ್ಧಿಯ ಟೂಲ್ ಬಗ್ಗೆ ದೂರುವಾಗಲೂ ನೀವು ಎಲ್ಲಿಯವರು ಎಂದು ಹೇಳಲೇಬೇಕು. ನಿಮ್ಮ ಟೂಲ್ ಹೆಸರೇ ಎತ್ತದಿದ್ದರೂ ಸರಿ. ಕಂಪನಿಗೆ ಸಂಬಂಧವೇ ಇಲ್ಲದ ಪ್ರಶ್ನೆಗೆ ಇದೆಲ್ಲ ಬೇಡ. ಪೈಥಾನ್ ಲೂಪ್ ತಿದ್ದಿಕೊಡುವಾಗ ನೌಕರಿ ವಿವರ ಯಾರಿಗೆ ಬೇಕು!

ಹೇಳಿಕೊಂಡ ಮೇಲೆ ಉತ್ತರವೂ ಗಟ್ಟಿ ಇರಬೇಕು. ನಮ್ಮ ಟೂಲ್ ಇಲ್ಲದೆಯೂ ಆಗುವ ದಾರಿಯನ್ನು ನಾನು ಮೊದಲು ಬರೆಯುತ್ತೇನೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಬಳಸುವವರಾದರೆ, 2024ರಲ್ಲಿ ಬಂದ 17ನೇ ಆವೃತ್ತಿಯಲ್ಲೇ ಇನ್‌ಕ್ರಿಮೆಂಟಲ್ ಬ್ಯಾಕಪ್ ಇದೆ, ಬದಲಾದ ಭಾಗವನ್ನಷ್ಟೇ ತೆಗೆದುಕೊಳ್ಳುತ್ತದೆ ಎನ್ನುತ್ತೇನೆ. ಆಮೇಲೆ ನಮ್ಮದು, ಅದರ ಕೊರತೆಯ ಸಮೇತ.

ಕಂಪನಿ ಹೆಸರು ಬಳಸುವ ಮೊದಲು ಆಫೀಸಿನ ಸೋಷಿಯಲ್ ಮೀಡಿಯಾ ನಿಯಮ ಓದಿ. ಅನುಮತಿ ಇಲ್ಲದಿದ್ದರೆ ಆ ಪ್ರಶ್ನೆಯನ್ನು ಬಿಟ್ಟುಬಿಡಿ. ಹೆಸರು ಮುಚ್ಚಿಟ್ಟು ಬರೆಯಬೇಡಿ. "ಅಭಿಪ್ರಾಯ ನನ್ನದು" ಎಂದು ಸೇರಿಸಬಹುದು, ಆದರೆ ಅದು ಮೊದಲ ಸಾಲಿನ ಜಾಗ ತುಂಬುವುದಿಲ್ಲ.

ಹಳೆಯ ಉತ್ತರಗಳಿದ್ದರೆ ಎಡಿಟ್ ಒತ್ತಿ ಆ ಸಾಲು ಸೇರಿಸಿ. ಕೆಲಸ ಬಿಟ್ಟಿದ್ದರೆ "ಬರೆದಾಗ ಅಲ್ಲಿದ್ದೆ" ಎಂದು ತಿದ್ದಿ.