ರಿಪೋರ್ಟಿಂಗ್ ಆದ ಮೇಲೆ ತೋಟದ ಫೋನ್ ಇಲ್ಲ

ನಾನು ಏರ್‌ಬಸ್ 320 ಹಾರಿಸುತ್ತೇನೆ. ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ 18 ಎಕರೆ ಅರೇಬಿಕಾ ಕಾಫಿ ತೋಟವನ್ನೂ ನಾನೇ ನಡೆಸುತ್ತೇನೆ. "ಎರಡು ದೋಣಿ ಮೇಲೆ ಕಾಲಿಡಬೇಡ ಮಾರಾಯ, ಗುತ್ತಿಗೆಗೆ ಕೊಟ್ಟುಬಿಡು" ಅಂತ ಚಿಕ್ಕಪ್ಪ ಎಷ್ಟು ಸಲ ಹೇಳಿದರೋ. ಈ ಸಲದ ಲೆಕ್ಕ ನೋಡಿದ ಮೇಲೆ ಅವರೇ ತಮ್ಮ ತೋಟದ ರೈಟರನ್ನು (ಲೆಕ್ಕ, ಕೆಲಸ ನೋಡಿಕೊಳ್ಳುವವರು) ನಮ್ಮ ಪಲ್ಪರ್ ಮನೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಷಿನ್ ಇರುವ ಜಾಗ, ನೋಡಿಕೊಂಡು ಬಾ ಅಂತ ಕಳಿಸಿದರು.

ಮೊದಲೆರಡು ವರ್ಷ ಫೋನಿನಲ್ಲೇ ತೋಟ ನಡೆಸಲು ಹೋದೆ. ಒಂದು ಡಿಸೆಂಬರ್ ಸಂಜೆ ದೆಹಲಿಯಲ್ಲಿ ಇಳಿದು ಫೋನ್ ಆನ್ ಮಾಡಿದರೆ ಹದಿನಾಲ್ಕು ಮಿಸ್ಡ್ ಕಾಲ್. ಪಲ್ಪರ್ ಬೆಲ್ಟ್ ಹರಿದಿತ್ತು. ಎರಡು ಸಾವಿರ ಖರ್ಚು ಮಾಡಲು ನನ್ನ ಒಪ್ಪಿಗೆಗೆ ಕಾದು ಕೂತಿದ್ದರು. ಹಣ್ಣು ರಾತ್ರಿಯಿಡೀ ಮೂಟೆಯಲ್ಲೇ ಬಿಸಿಯಾಗಿ ಹುಳಿ ಬಂತು. ಆ ಒಂದು ದಿನಕ್ಕೇ ಸುಮಾರು ಐವತ್ತು ಸಾವಿರ ಹೋಯಿತು. ಆ ವರ್ಷ ಇಂಥವು ಮೂರೋ ನಾಲ್ಕೋ ಆದವು.

ದುಡ್ಡಿಗಿಂತ ಜಾಸ್ತಿ ಕಾಡಿದ್ದು ಬೇರೆ. ವಾಪಸ್ ಬರುವಾಗ, ಇಳಿಯುವ ಮೊದಲು ಪೈಲಟ್‌ಗಳಿಬ್ಬರೂ ಮಾತಾಡಿಕೊಳ್ಳುವ ಅಪ್ರೋಚ್ ಬ್ರೀಫಿಂಗ್ ನಡುವೆ ತಲೆಯೊಳಗೆ ಆ ಮೂಟೆಗಳು ಬಂದವು. ಕೋ-ಪೈಲಟ್ ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಅವತ್ತೇ ನಿರ್ಧಾರ ಮಾಡಿದೆ, ಡ್ಯೂಟಿಗೆ ರಿಪೋರ್ಟಿಂಗ್ ಆದ ಮೇಲೆ ತೋಟದ ಫೋನ್ ಇಲ್ಲ.

ಹತ್ತು ಸಾವಿರದವರೆಗೆ ನನ್ನನ್ನು ಕೇಳದೆ ಖರ್ಚು ಮಾಡಿ ಅಂತ ರೈಟರಿಗೆ ಹೇಳಿದೆ. ಆಮೇಲೆ ಕಾಕ್‌ಪಿಟ್‌ನ ಚೆಕ್‌ಲಿಸ್ಟ್ ಪದ್ಧತಿಯನ್ನೇ ಪಲ್ಪರ್ ಮನೆಗೆ ತಂದೆ. ರೈಟರು ಓದುತ್ತಾರೆ, ಮೇಸ್ತ್ರಿ ಕೈಯಲ್ಲಿ ಮುಟ್ಟಿ ಉತ್ತರ ಕೊಡುತ್ತಾರೆ.

"ನೀರು?" "ಬಂತು."

"ಬೆಲ್ಟ್?" "ಬಿಗಿ ಇದೆ."

"ಸ್ಪೇರ್ ಬೆಲ್ಟ್?" "ಗೋಡೆ ಮೇಲಿದೆ."

ಮೊದಲ ವಾರ ನಕ್ಕರು. ಈಗ ಓದದೆ ಸ್ವಿಚ್ ಹಾಕುವುದಿಲ್ಲ. ಕಣದಲ್ಲಿ ಪಾರ್ಚ್‌ಮೆಂಟಿನ (ಸಿಪ್ಪೆ ಸುಲಿದು ಒಣಹಾಕಿದ ಬೀಜ) ತೇವಾಂಶ ದಿನಕ್ಕೆರಡು ಸಲ ಪುಸ್ತಕಕ್ಕೆ ಏರುತ್ತದೆ, ಶೇ. 10ಕ್ಕೆ ಬಂದರೆ ಮೂಟೆ. ಈ ಜನವರಿಯಲ್ಲೂ ಬೆಲ್ಟ್ ಹೋಯಿತು. ನನಗೆ ಗೊತ್ತಾಗಿದ್ದು ಮಾರನೇ ದಿನ, ಬಿಲ್ ನೋಡಿದಾಗ.

ಪೈಲಟ್‌ಗಳ ವಾರದ ವಿಶ್ರಾಂತಿ 48 ಗಂಟೆ ಆಗಿದೆ, ನಿಜ. ಆದರೆ ಬೆಂಗಳೂರಿಂದ ಹೋಗಿಬರುವುದಕ್ಕೇ ಹತ್ತು ಹನ್ನೆರಡು ಗಂಟೆ ಬೇಕು. ಡ್ಯೂಟಿಯ ಹಿಂದಿನ ರಾತ್ರಿ ಬೆಂಗಳೂರಲ್ಲೇ ಮಲಗುತ್ತೇನೆ, ಅದರಲ್ಲಿ ರಾಜಿ ಇಲ್ಲ. ಕೊಯ್ಲಿನ ತಿಂಗಳಲ್ಲಿ ರಜೆ ಹೇಗೆ ಹೊಂದಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೂರು ಕಿಲೋ ಹಣ್ಣಲ್ಲಿ ಹನಿ ಪ್ರೋಸೆಸ್ (ಸಿಪ್ಪೆ ಸುಲಿದು ಬೀಜದ ಅಂಟು ತೊಳೆಯದೆ ಒಣಗಿಸುವುದು) ಮಾಡಿ ನೋಡಿದೆ. ಮೂರು ದಿನ ಮೋಡ ಕವಿದು ಬೂಷ್ಟು ಬಂತು, ಕೈಬಿಟ್ಟೆ. ವಿಮಾನ ಕಂಪನಿಯಿಂದ ಲಿಖಿತ ಅನುಮತಿ ಪಡೆದು ಕಾಫಿ ಪುಡಿ ಮಾರಾಟವನ್ನೂ ಶುರುಮಾಡಿದೆ. ಹುರಿದಾಗ ಕಿಲೋಗೆ 150ರಿಂದ 200 ಗ್ರಾಂ ತೂಕ ಇಳಿಯುತ್ತದೆ ಅಲ್ವಾ, ಅದನ್ನು ಬೆಲೆಗೆ ಸೇರಿಸದೆ ಆರು ತಿಂಗಳು ಮಾರಿದ್ದೆ. ಈಗ ತಿಂಗಳಿಗೆ ಎಂಬತ್ತು ಕಿಲೋ ಹೋಗುತ್ತದೆ, ಖರ್ಚು ಕಳೆದು ಹದಿನೈದು ಸಾವಿರದಷ್ಟು ಉಳಿಯುತ್ತದೆ. ಹಾಸನದಲ್ಲಿ ಹಳೆಯದೊಂದು ಹುರಿಯುವ ಮಷಿನ್ ನೋಡಿಟ್ಟಿದ್ದೇನೆ. ಹೂಮಳೆ (ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ) ಸರಿಯಾಗಿ ಬಿದ್ದರೆ ಅಡ್ವಾನ್ಸ್ ಕೊಡುತ್ತೇನೆ.